ಹೀರಿದ ಮಣ್ಣು ಅರಗಿಸಿಕೊಂಡೀತೇ?

ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ಬೈಕಿನ ಎಂಜಿನ್ ಆಯಿಲ್ ಬದಲಾಯಿಸುವ ರೂಢಿ ಹಲವರಿಗಿದೆ. ಹೊಸ ಎಣ್ಣೆ ಹಾಕಿ ಆಯಿತು. ಡಬ್ಬಿಯಲ್ಲಿ ಉಳಿದ ಕಪ್ಪು ಎಣ್ಣೆಯನ್ನು ಏನು ಮಾಡುವುದು? ಕಂಪೌಂಡಿನ ಮೂಲೆಗೆ ಸುರಿದುಬಿಡುತ್ತೇವೆ. ಯಾರಾದರೂ ಕೇಳಿದರೆ, "ಮಣ್ಣಲ್ಲವೇ, ಹೀರಿಕೊಳ್ಳುತ್ತದೆ ಬಿಡಿ" ಎನ್ನುತ್ತೇವೆ. ನಿಜ, ಮಣ್ಣು ಹೀರಿಕೊಳ್ಳುತ್ತದೆ. ಎರಡು ಮಳೆ ಬಿದ್ದರೆ ಕಲೆಯೂ ಕಾಣಿಸದು. ಆದರೆ ಅದೇ ಅಂಗಳದ ಇನ್ನೊಂದು ಬದಿಯಲ್ಲಿ ಬಾವಿ ಇದೆ. ಕುಡಿಯಲು, ಅಡುಗೆಗೆ, ವುಝೂಗೆ, ಹಸುಗೂಸಿನ ಸ್ನಾನಕ್ಕೆ ನಿಮ್ಮ ಮನೆಯವರು ಸೇದುವುದು ಅದೇ ಬಾವಿಯ ನೀರನ್ನು.

ಹೀರುವುದು ಬೇರೆ, ಅರಗಿಸುವುದು ಬೇರೆ. ಮಣ್ಣಿಗೆ ಎಣ್ಣೆಯನ್ನು ಅರಗಿಸುವ ಶಕ್ತಿ ಇರುವುದು ಸತ್ಯ. ಆ ಕೆಲಸವನ್ನು ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅವು ಅದನ್ನು ಹೇಗೆ ಮಾಡುತ್ತವೆ, ಎಲ್ಲಿ ಸೋಲುತ್ತವೆ ಎಂಬುದನ್ನು ತಿಳಿದುಕೊಂಡರೆ, ಮನೆಯ ಸುತ್ತ ಏನನ್ನು ಸುರಿಯಬಾರದು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲೋಬಾನದಿಂದ ಬಂದ ಹೆಸರು

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಡಾಂಬರು, ಬಟ್ಟೆಪೆಟ್ಟಿಗೆಯ ನುಸಿಗುಳಿಗೆ, ನೆಲ ಒರೆಸುವ ಕಪ್ಪು ಫಿನಾಯಿಲ್ ಇವೆಲ್ಲವುಗಳಲ್ಲೂ ಒಂದು ಜಾತಿಯ ರಾಸಾಯನಿಕಗಳಿವೆ. ರಸಾಯನಶಾಸ್ತ್ರದಲ್ಲಿ ಅವುಗಳನ್ನು ಆರೊಮ್ಯಾಟಿಕ್ ಸಂಯುಕ್ತಗಳು ಎನ್ನುತ್ತಾರೆ. ಆರೊಮ್ಯಾಟಿಕ್ ಎಂದರೆ ಪರಿಮಳವುಳ್ಳದ್ದು. ಮೊದಮೊದಲು ತಿಳಿದುಬಂದ ಈ ಜಾತಿಯ ಹಲವು ವಸ್ತುಗಳಿಗೆ ಸುವಾಸನೆ ಇದ್ದುದರಿಂದ ಆ ಹೆಸರು ಬಂತು. ಈಗ ಆ ಹೆಸರಿಗೂ ವಾಸನೆಗೂ ಸಂಬಂಧ ಉಳಿದಿಲ್ಲ.

ಇವುಗಳಲ್ಲಿ ಅತಿ ಸರಳವಾದದ್ದು ಬೆಂಜೀನ್. 1825ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಮೊದಲು ಬೇರ್ಪಡಿಸಿದರು. ಆದರೆ ಇದರ ಹೆಸರಿನ ಮೂಲ ನಮ್ಮ ಮನೆಗಳಿಗೆ ಪರಿಚಿತವಾದದ್ದು. ಸುಮಾತ್ರಾ, ಜಾವಾ ದ್ವೀಪಗಳ ಕಡೆಯಿಂದ ಬರುತ್ತಿದ್ದ ಪರಿಮಳದ ಅಂಟನ್ನು ಅರಬ್ ವ್ಯಾಪಾರಿಗಳು 'ಲುಬಾನ್ ಜಾವೀ' ಎಂದು ಕರೆಯುತ್ತಿದ್ದರು. ಅಂದರೆ ಜಾವಾದ ಲೋಬಾನ. ಯುರೋಪಿನವರ ಬಾಯಲ್ಲಿ ಅದು ಸವೆದು ಬೆಂಜೊಯಿನ್ ಆಯಿತು. ಅದರಿಂದ ತೆಗೆದ ಆಮ್ಲ ಬೆಂಜೋಯಿಕ್ ಆಮ್ಲವಾಯಿತು, ಆ ಆಮ್ಲದಿಂದ ಪಡೆದ ದ್ರವ ಬೆಂಜೀನ್ ಆಯಿತು. ಹೆಸರು ಲೋಬಾನದ್ದಾದರೂ ಗುಣ ಬೇರೆ. ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುತ್ತದೆ ಎಂಬುದು ಸಂದೇಹವಿಲ್ಲದೆ ಸಾಬೀತಾಗಿದೆ.

ಬೆಂಜೀನಿನಲ್ಲಿ 6 ಇಂಗಾಲದ ಪರಮಾಣುಗಳು ಕೈ ಕೈ ಹಿಡಿದು ಉಂಗುರದಂತೆ ನಿಂತಿರುತ್ತವೆ. 1865ರಲ್ಲಿ ಜರ್ಮನಿಯ ವಿಜ್ಞಾನಿ ಕೆಕ್ಯೂಲೆ ಈ ಉಂಗುರದ ರೂಪವನ್ನು ಸೂಚಿಸಿದರು. ಇಲ್ಲಿ ಕೆಲವು ಇಲೆಕ್ಟ್ರಾನುಗಳು ಯಾವುದೋ ಎರಡು ಪರಮಾಣುಗಳಿಗೆ ಸೇರಿರದೆ ಇಡೀ ಉಂಗುರಕ್ಕೆ ಸಮನಾಗಿ ಹಂಚಿಹೋಗಿರುತ್ತವೆ. ಹೀಗಾಗಿ ಎಲ್ಲೂ ದುರ್ಬಲ ಕೊಂಡಿ ಇಲ್ಲ. ಸಕ್ಕರೆ, ಪಿಷ್ಟದಂತಹ ವಸ್ತುಗಳನ್ನು ಜೀವಿಗಳು ಸುಲಭವಾಗಿ ಒಡೆಯುತ್ತವೆ. ಈ ಉಂಗುರವನ್ನು ಒಡೆಯುವುದು ಅಷ್ಟು ಸುಲಭವಲ್ಲ.

ನಮ್ಮ ದೇಹಕ್ಕೂ ಇದು ಕಷ್ಟವೇ. ಉಸಿರಿನ ಮೂಲಕವೋ ನೀರಿನ ಮೂಲಕವೋ ಒಳಹೊಕ್ಕ ಬೆಂಜೀನನ್ನು ಹೊರಹಾಕಲು ಯಕೃತ್ತು ಅದನ್ನು ಬದಲಾಯಿಸಲು ನೋಡುತ್ತದೆ. ಆಗ ಹುಟ್ಟುವ ಕೆಲವು ವಸ್ತುಗಳು ಬೆಂಜೀನಿಗಿಂತಲೂ ಅಪಾಯಕಾರಿ. ಅವು ರಕ್ತ ತಯಾರಾಗುವ ಮೂಳೆಮಜ್ಜೆಯನ್ನು ಕೆಡಿಸುತ್ತವೆ.

ಮಣ್ಣಿನ ಜೀವಿಗಳು ಕಲಿತ ಕೌಶಲ

ನಮಗೆ ಆಗದ ಕೆಲಸ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಹೇಗೆ ಗೊತ್ತು? ಪೆಟ್ರೋಲ್ ಪಂಪುಗಳು ಬಂದು ನೂರು ಚಿಲ್ಲರೆ ವರ್ಷಗಳಾದವು ಅಷ್ಟೆ. ಆದರೆ ಉಂಗುರಗಳು ಭೂಮಿಗೆ ಹೊಸತಲ್ಲ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಇಂತಹದೇ ಉಂಗುರಗಳ ಸರಮಾಲೆ. ಕಾಡಿನಲ್ಲಿ ಮರ ಬಿದ್ದು, ಎಲೆ ಉದುರಿ, ಕೊಳೆತು ಮಣ್ಣಾಗುತ್ತದಲ್ಲ, ಅಲ್ಲಿ ಶಿಲೀಂಧ್ರಗಳು ಲಿಗ್ನಿನನ್ನು ತುಂಡು ಮಾಡುತ್ತವೆ. ಆ ತುಂಡುಗಳನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಈ ಹಳೆಯ ಅಭ್ಯಾಸವೇ ಇಂದು ಪೆಟ್ರೋಲಿನ ಮುಂದೆಯೂ ಉಪಯೋಗಕ್ಕೆ ಬರುತ್ತಿದೆ. ಸೂಡೊಮೊನಾಸ್, ರೋಡೊಕಾಕಸ್, ಸ್ಫಿಂಗೊಮೊನಾಸ್ ಎಂಬ ಕುಲಗಳಿಗೆ ಸೇರಿದ ಬ್ಯಾಕ್ಟೀರಿಯಾಗಳು ಇದರಲ್ಲಿ ನಿಪುಣರು.

ಇದಕ್ಕೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ನಗರದ ಪೆಟ್ರೋಲ್ ಪಂಪೊಂದರ ಮಣ್ಣಿನಿಂದ ವಿಜ್ಞಾನಿಗಳು ಒಂದು ಸೂಡೊಮೊನಾಸನ್ನು ಬೇರ್ಪಡಿಸಿದರು. ಸಿಎಸ್‌ವಿ86 ಎಂದು ಅದಕ್ಕೆ ಗುರುತು ಕೊಟ್ಟರು. ಹೆಚ್ಚಿನ ಬ್ಯಾಕ್ಟೀರಿಯಾಗಳು ಗ್ಲೂಕೋಸನ್ನೂ ನ್ಯಾಫ್ತಲೀನನ್ನೂ ಒಟ್ಟಿಗೆ ಕೊಟ್ಟರೆ ಮೊದಲು ಸಿಹಿಯನ್ನೇ ತಿನ್ನುತ್ತವೆ. ಇದು ಹಾಗಲ್ಲ. ಗ್ಲೂಕೋಸನ್ನು ಬದಿಗಿಟ್ಟು ಮೊದಲು ನ್ಯಾಫ್ತಲೀನಿಗೆ ಬಾಯಿ ಹಾಕುತ್ತದೆ. ಮುಂಬೈಯ ಐಐಟಿಯಲ್ಲಿ ಇದರ ಅಧ್ಯಯನ ಮುಂದುವರಿದು, ಈಗ ಇದಕ್ಕೆ ಸೂಡೊಮೊನಾಸ್ ಭಾರತಿಕ ಎಂಬ ಹೆಸರು ಸಿಕ್ಕಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯಗಳಲ್ಲೂ ಇಂತಹ ಬ್ಯಾಕ್ಟೀರಿಯಾಗಳ ಬಗ್ಗೆ ಸಂಶೋಧನೆಗಳು ನಡೆದಿವೆ.

ಉಂಗುರ ಒಡೆಯುವ ಬಗೆ

ಬ್ಯಾಕ್ಟೀರಿಯಾ ಉಂಗುರವನ್ನು ನೇರವಾಗಿ ಕತ್ತರಿಸುವುದಿಲ್ಲ. ಮೊದಲು ಅದನ್ನು ಸಡಿಲಗೊಳಿಸುತ್ತದೆ. ಇದಕ್ಕೆ ಅದು ಬಳಸುವುದು ಗಾಳಿಯಲ್ಲಿರುವ ಆಮ್ಲಜನಕವನ್ನು. ಡೈಆಕ್ಸಿಜಿನೇಸ್ ಎಂಬ ಕಿಣ್ವದ ಸಹಾಯದಿಂದ ಆಮ್ಲಜನಕದ ಎರಡು ಪರಮಾಣುಗಳನ್ನು ಉಂಗುರದ ಅಕ್ಕಪಕ್ಕದ ಎರಡು ಇಂಗಾಲಗಳಿಗೆ ಅಂಟಿಸುತ್ತದೆ. ಅಲ್ಲಿಂದ ಮುಂದೆ ಅದು ಕ್ಯಾಟಿಕಾಲ್ ಎಂಬ ವಸ್ತುವಾಗುತ್ತದೆ. ಬೆಂಜೀನ್, ಫಿನಾಲ್, ನ್ಯಾಫ್ತಲೀನ್ ಹೀಗೆ ಬೇರೆ ಬೇರೆ ವಸ್ತುಗಳು ಬೇರೆ ಬೇರೆ ದಾರಿಯಲ್ಲಿ ಬಂದು ಕೊನೆಗೆ ಕ್ಯಾಟಿಕಾಲ್ ಅಥವಾ ಅದರಂತಹ ಕೆಲವೇ ವಸ್ತುಗಳಾಗುತ್ತವೆ. ಹಲವು ಹಳ್ಳಗಳು ಬಂದು ಒಂದೇ ಹೊಳೆಗೆ ಸೇರಿದಂತೆ.

ಎರಡನೆಯ ಹಂತದಲ್ಲಿ ಇನ್ನೊಂದು ಕಿಣ್ವ ಮತ್ತೆ ಆಮ್ಲಜನಕವನ್ನು ಬಳಸಿ ಉಂಗುರವನ್ನು ಕತ್ತರಿಸುತ್ತದೆ. ಉಂಗುರ ಬಿಚ್ಚಿ ನೇರ ಸರಪಳಿಯಾಗುತ್ತದೆ. ಒಮ್ಮೆ ಬಿಚ್ಚಿತೆಂದರೆ ಮುಂದಿನದು ಸುಲಭ. ಅದು ಸಾಮಾನ್ಯ ಆಹಾರದಂತೆ ಅರಗಿ, ಒಂದು ಭಾಗ ಬ್ಯಾಕ್ಟೀರಿಯಾದ ಮೈಯಾಗುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ವಿಷ ಅಲ್ಲಿಗೆ ಮುಗಿಯುತ್ತದೆ.

ಉಂಗುರಕ್ಕೆ ಸೇರುವ ಆಮ್ಲಜನಕ ನೀರಿನಿಂದ ಬರುವುದಲ್ಲ, ಗಾಳಿಯಿಂದಲೇ ಬರುತ್ತದೆ ಎಂಬುದನ್ನು 1955ರಲ್ಲಿ ಜಪಾನಿನ ವಿಜ್ಞಾನಿ ಒಸಾಮು ಹಯೈಶಿ ಮತ್ತು ಅವರ ಸಂಗಡಿಗರು ತೋರಿಸಿದರು. ತೂಕ ಹೆಚ್ಚಿರುವ ವಿಶೇಷ ಆಮ್ಲಜನಕವನ್ನು ಕೊಟ್ಟು, ಅದು ಕೊನೆಗೆ ಎಲ್ಲಿ ಸೇರಿತು ಎಂದು ಹುಡುಕಿ ಅವರು ಇದನ್ನು ಖಚಿತಪಡಿಸಿದರು. ಇದು ಬರೀ ಪುಸ್ತಕದ ವಿಷಯವಲ್ಲ. ಗಾಳಿಯಾಡದ ಮಣ್ಣಿನಲ್ಲಿ ಈ ಕೆಲಸ ಏಕೆ ಕುಂಟುತ್ತದೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಎಲ್ಲಿ ಸೋಲುತ್ತವೆ?

ಮೊದಲನೆಯದು ಗಾಳಿಯ ಕೊರತೆ. ಮೇಲ್ಮಣ್ಣಿನಲ್ಲಿ ಗಾಳಿ ಇರುತ್ತದೆ. ಆಳಕ್ಕೆ ಇಳಿದಂತೆ, ನೀರು ನಿಂತಂತೆ ಗಾಳಿ ಕಡಿಮೆಯಾಗುತ್ತದೆ. ಆಮ್ಲಜನಕ ಇಲ್ಲದೆಡೆ ಕಬ್ಬಿಣ, ನೈಟ್ರೇಟ್, ಸಲ್ಫೇಟ್‌ಗಳನ್ನು ಬಳಸಿ ಕೆಲಸ ಸಾಗಿಸುವ ಬ್ಯಾಕ್ಟೀರಿಯಾಗಳೂ ಇವೆ. ಆದರೆ ಅವುಗಳ ನಡಿಗೆ ಬಹಳ ನಿಧಾನ. ಅದರಲ್ಲೂ ಬೆಂಜೀನ್ ಅಲ್ಲಿ ಹಟಮಾರಿ.

ಎರಡನೆಯದು ಪೋಷಕಾಂಶಗಳ ಕೊರತೆ. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ. ಆದರೆ ಬ್ಯಾಕ್ಟೀರಿಯಾ ಬೆಳೆಯಲು ಸಾರಜನಕ, ರಂಜಕವೂ ಬೇಕು. ಬರೀ ಅನ್ನ ಇಟ್ಟು ಸಾರು, ಪಲ್ಯ ಕೊಡದಿದ್ದರೆ ಊಟ ಸಾಗುತ್ತದೆಯೇ?

ಮೂರನೆಯದು ಉಂಗುರಗಳ ಸಂಖ್ಯೆ. ಒಂದು, ಎರಡು ಉಂಗುರಗಳ ವಸ್ತುಗಳು ಬೇಗ ಮುಗಿಯುತ್ತವೆ. ನಾಲ್ಕೈದು ಉಂಗುರಗಳು ಅಂಟಿಕೊಂಡಿರುವ ವಸ್ತುಗಳು ನೀರಿನಲ್ಲಿ ಕರಗದೆ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿ ವರ್ಷಗಟ್ಟಲೆ ಉಳಿಯುತ್ತವೆ. ಬಳಸಿದ ಎಂಜಿನ್ ಆಯಿಲಿನಲ್ಲಿ ಇಂತಹವು ಹೊಸ ಎಣ್ಣೆಗಿಂತ ಹೆಚ್ಚು. ಜೊತೆಗೆ ಸತುವಿನಂತಹ ಲೋಹಗಳೂ ಇರುತ್ತವೆ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ಒಡೆದು ಇಲ್ಲವಾಗಿಸಲಾರದು.

ನಾಲ್ಕನೆಯದು ಪ್ರಮಾಣ. ಫಿನಾಲನ್ನೇ ನೋಡಿ. 1865ರಲ್ಲಿ ಬ್ರಿಟಿಷ್ ವೈದ್ಯ ಜೋಸೆಫ್ ಲಿಸ್ಟರ್ ಗಾಯ ಕೀವಾಗದಂತೆ ತಡೆಯಲು ಬಳಸಿದ ಕಾರ್ಬಾಲಿಕ್ ಆಮ್ಲ ಎಂದರೆ ಇದೇ ಫಿನಾಲ್. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅದೇ ಫಿನಾಲ್ ತೀರ ತೆಳುವಾಗಿದ್ದರೆ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ಹನಿ ಹನಿಯಾಗಿ ಬಂದರೆ ಊಟ, ಒಮ್ಮೆಲೇ ಸುರಿದರೆ ವಿಷ. ಶೌಚಾಲಯಕ್ಕೆ ದಿನವೂ ಬಾಟಲಿಗಟ್ಟಲೆ ಫಿನಾಯಿಲ್ ಸುರಿಯುವ ಮನೆಗಳು ಇದನ್ನು ಗಮನಿಸಬೇಕು. ಸೆಪ್ಟಿಕ್ ಟ್ಯಾಂಕಿನೊಳಗೆ ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಆಗ ಸಾಯುತ್ತವೆ.

ಎರಡು ದೊಡ್ಡ ಅನುಭವಗಳು

1979ರ ಆಗಸ್ಟ್ 20ರಂದು ಅಮೆರಿಕದ ಮಿನೆಸೊಟ ರಾಜ್ಯದ ಬೆಮಿಜಿ ಎಂಬ ಊರಿನ ಸಮೀಪ ಕಚ್ಚಾ ತೈಲದ ಕೊಳವೆ ಒಡೆಯಿತು. ಸುಮಾರು 17 ಲಕ್ಷ ಲೀಟರ್ ತೈಲ ನೆಲಕ್ಕೆ ಹರಿಯಿತು. ಹೆಚ್ಚಿನದನ್ನು ಮೇಲೆತ್ತಿದರು. ಆದರೂ ಸುಮಾರು 4 ಲಕ್ಷ ಲೀಟರ್ ಮಣ್ಣಿನೊಳಗೆ ಉಳಿಯಿತು. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆ 1983ರಿಂದ ಈ ಜಾಗವನ್ನು ನಿರಂತರ ಅಭ್ಯಾಸ ಮಾಡುತ್ತಿದೆ. ಅಲ್ಲಿ ಕಂಡದ್ದೇನು? ಅಂತರ್ಜಲಕ್ಕೆ ಸೇರಿದ ಬೆಂಜೀನ್ ನೀರಿನಷ್ಟೇ ವೇಗವಾಗಿ ದೂರ ಸಾಗಲಿಲ್ಲ. ದಾರಿಯಲ್ಲೇ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಿದ್ದವು. ಗಾಳಿ ಬೆರೆತ ಅಂಚಿನಲ್ಲಿ ಬೇಗ, ಗಾಳಿಯಿಲ್ಲದ ನಡುವಿನಲ್ಲಿ ತೀರ ನಿಧಾನವಾಗಿ. ಇದು ಸಂತೋಷದ ಸುದ್ದಿ. ಆದರೆ 40 ವರ್ಷಗಳು ಕಳೆದ ಮೇಲೂ ಆ ನೆಲದಡಿಯಲ್ಲಿ ತೈಲ ಇದ್ದೇ ಇದೆ. ಇದು ಎಚ್ಚರಿಕೆಯ ಸುದ್ದಿ.

1989ರ ಮಾರ್ಚ್ 24ರಂದು ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗಲ್ಲಿಗೆ ತಾಗಿ ಸುಮಾರು 4 ಕೋಟಿ ಲೀಟರ್ ತೈಲ ಸಮುದ್ರ ಸೇರಿತು. ಆಗ ದಡದ ಮೇಲೆ ಸಾರಜನಕ, ರಂಜಕದ ಗೊಬ್ಬರವನ್ನು ಹಾಕಿದರು. ಹೊರಗಿನಿಂದ ತಂದ ಬ್ಯಾಕ್ಟೀರಿಯಾಗಳಿಗಿಂತ, ಅಲ್ಲೇ ಇದ್ದವುಗಳಿಗೆ ಕೊರತೆಯಾಗಿದ್ದ ಆಹಾರ ಕೊಟ್ಟದ್ದೇ ಫಲ ನೀಡಿತು. ತೈಲ ಕರಗುವ ವೇಗ ಹೆಚ್ಚಿತು. ಆದರೆ ಕಲ್ಲುಮರಳಿನ ಕೆಳಗೆ ಗಾಳಿ ಮುಟ್ಟದ ಕಡೆ ಹೂತುಹೋದ ತೈಲ 20 ವರ್ಷಗಳ ಬಳಿಕವೂ ಹಾಗೆಯೇ ಸಿಕ್ಕಿತು.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂದಾಗ ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿಯವರ ಹೆಸರು ನೆನಪಾಗುತ್ತದೆ. ಹಲವು ಬ್ಯಾಕ್ಟೀರಿಯಾಗಳ ಸಾಮರ್ಥ್ಯವನ್ನು ಒಂದರಲ್ಲೇ ಸೇರಿಸಿ ಅವರು ಅಮೆರಿಕದಲ್ಲಿ ಹೊಸ ಸೂಡೊಮೊನಾಸನ್ನು ತಯಾರಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಕೊಡಬಹುದೆಂದು ತೀರ್ಪಿತ್ತಿತು. ಜೀವಿಗೆ ಪೇಟೆಂಟ್ ಎಂಬ ಕಾರಣಕ್ಕೆ ಅದು ಲೋಕಪ್ರಸಿದ್ಧವಾಯಿತು. ಆದರೆ ತೈಲ ಸೋರಿಕೆಗಳನ್ನು ಶುಚಿಗೊಳಿಸುವ ಕೆಲಸಕ್ಕೆ ಅದು ಬಳಕೆಗೆ ಬರಲಿಲ್ಲ. ಆದ್ದರಿಂದ ಒಂದು ಪುಡಿ ಎರಚಿದರೆ ಎಲ್ಲ ಎಣ್ಣೆಯೂ ಮಾಯವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ ಹಣ ಕೊಡಬೇಡಿ.

ಒಂದು ಲೋಟ ಪೆಟ್ರೋಲಿನ ಲೆಕ್ಕ

ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರ ವರೆಗೆ ಇರಬಹುದು. ಅಂದರೆ 200 ಮಿಲಿಲೀಟರಿನ ಒಂದು ಲೋಟ ಪೆಟ್ರೋಲಿನಲ್ಲಿ 2 ಮಿಲಿಲೀಟರ್, ತೂಕದಲ್ಲಿ ಸುಮಾರು ಒಂದೂಮುಕ್ಕಾಲು ಗ್ರಾಂ ಬೆಂಜೀನ್ ಇರಬಹುದು. ಅದಷ್ಟೂ ನೀರಿಗೆ ಸೇರಿದರೆ 1,75,000 ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 21,000 ಲೀಟರ್. ಅಂತಹ ಎಂಟು ಬಾವಿಗಳಿಗೆ ಒಂದು ಲೋಟ ಸಾಕು.

ನಿಜವಾಗಿ ಚೆಲ್ಲಿದ ಪೆಟ್ರೋಲಿನ ಬಹುಭಾಗ ಗಾಳಿಗೆ ಆವಿಯಾಗುತ್ತದೆ, ಸ್ವಲ್ಪವನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಬಾವಿ ಮುಟ್ಟುವುದು ಅದರ ಒಂದಂಶ ಮಾತ್ರ. ಆದರೆ ಎಷ್ಟು ಅಂಶ ಎಂಬುದು ನಿಮ್ಮ ಮಣ್ಣು, ಮಳೆ, ಬಾವಿಯ ದೂರ ಇವುಗಳ ಮೇಲೆ ನಿಂತಿದೆ. ಮಳೆಗಾಲದಲ್ಲಿ ಬಾವಿಯ ನೀರು ಅಂಗಳದ ಮಟ್ಟಕ್ಕೆ ಏರುವ ಕರಾವಳಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಸಿಗುವ ಸಮಯ ಬಹಳ ಕಡಿಮೆ.

ನೀವು ಮಾಡಬಹುದಾದದ್ದು

* ಬಳಸಿದ ಎಂಜಿನ್ ಆಯಿಲನ್ನು ನೆಲಕ್ಕಾಗಲಿ ಚರಂಡಿಗಾಗಲಿ ಸುರಿಯಬೇಡಿ. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಕಳುಹಿಸುವ ಗ್ಯಾರೇಜಿಗೆ ಕೊಡಿ.

* ಗೆದ್ದಲು, ಇರುವೆಗಳಿಗೆಂದು ಡೀಸೆಲ್, ಸೀಮೆಎಣ್ಣೆ ಸುರಿಯುವ ಅಭ್ಯಾಸವಿದ್ದರೆ ಬಿಡಿ. ಬಾವಿಕಟ್ಟೆಯ ಬಳಿಯಂತೂ ಬೇಡವೇ ಬೇಡ.

* ಮಸೀದಿ, ಮದ್ರಸ, ಮದುವೆ ಹಾಲ್‌ಗಳಲ್ಲಿ ಜನರೇಟರ್ ಇದ್ದರೆ ಅದು ಬಾವಿ ಅಥವಾ ಬೋರ್‌ವೆಲ್‌ನಿಂದ ದೂರವಿರಲಿ. ಡೀಸೆಲ್ ತುಂಬಿಸುವ ಜಾಗ ಸಿಮೆಂಟಿನದ್ದಾಗಿರಲಿ, ಕೆಳಗೆ ಅಗಲವಾದ ಟ್ರೇ ಇರಲಿ. ಜಮಾಅತ್ ಸಮಿತಿಯವರು ಒಮ್ಮೆ ಹೋಗಿ ನೋಡಿದರೆ ಸಾಕು, ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುತ್ತದೆ.

* ಇಂಧನ ಚೆಲ್ಲಿದರೆ ಮೊದಲು ಬೆಂಕಿ, ಬೀಡಿ, ಸಿಗರೇಟುಗಳನ್ನು ದೂರವಿಡಿ. ನೀರು ಹಾಕಿ ತೊಳೆಯಬೇಡಿ. ಮರಳು ಅಥವಾ ಒಣ ಮಣ್ಣು ಹಾಕಿ, ಹೀರಿದ ಮೇಲೆ ಒಟ್ಟುಗೂಡಿಸಿ ತೆಗೆಯಿರಿ. ನೆಲದಲ್ಲಿ ಉಳಿದ ಅಲ್ಪಸ್ವಲ್ಪ ಡೀಸೆಲನ್ನು ಮಣ್ಣಿಗೇ ಬಿಡಬಹುದು. ಆದರೆ ಆ ಜಾಗ ಬಾವಿಯಿಂದಲೂ ತರಕಾರಿ ತೋಟದಿಂದಲೂ ದೂರವಿರಬೇಕು. ಮೇಲ್ಮಣ್ಣನ್ನು ಆಗಾಗ ಕೆದಕಿ, ಸ್ವಲ್ಪ ಕೊಳೆತ ಸಗಣಿ ಗೊಬ್ಬರ ಬೆರೆಸಿ, ತೇವ ಆರದಂತೆ ನೋಡಿಕೊಳ್ಳಿ. ಗಾಳಿ, ಆಹಾರ, ನೀರು ಈ ಮೂರನ್ನು ಕೊಟ್ಟರೆ ಬ್ಯಾಕ್ಟೀರಿಯಾಗಳು ತಮ್ಮ ಕೆಲಸ ಮಾಡುತ್ತವೆ. ಅದಕ್ಕೂ ತಿಂಗಳುಗಳು ಬೇಕು.

* ಬಾವಿ ನೀರಿಗೆ ಪೆಟ್ರೋಲ್, ಸೀಮೆಎಣ್ಣೆಯ ವಾಸನೆ ಬಂದರೆ, ಮೇಲೆ ಬಣ್ಣಬಣ್ಣದ ಪೊರೆ ತೇಲಿದರೆ, ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಆ ನೀರನ್ನು ತಕ್ಷಣ ನಿಲ್ಲಿಸಿ. ಕುದಿಸುವುದು ಇದಕ್ಕೆ ಪರಿಹಾರವಲ್ಲ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಬೆಂಜೀನ್ ಮಾತ್ರ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ. ಗ್ರಾಮ ಪಂಚಾಯತ್ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿ ನೀರನ್ನು ಪರೀಕ್ಷಿಸಿ.

* ನುಸಿಗುಳಿಗೆಗಳಲ್ಲಿ ಕೆಲವು ನ್ಯಾಫ್ತಲೀನಿನವು. ಅವುಗಳನ್ನು ಸಿಂಕಿಗೂ ಚರಂಡಿಗೂ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಹೆರಿಗೆಗೆಂದು ತೆಗೆದಿಟ್ಟ ಬಟ್ಟೆಗಳ ನಡುವೆ ಅವು ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ. ಬಿಳಿಚುವಿಕೆ, ಕಾಮಾಲೆ, ಕಡು ಬಣ್ಣದ ಮೂತ್ರ ಇದರ ಲಕ್ಷಣಗಳು. ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಮಗುವಿಗೆ ತೊಡಿಸಿ.

ಬ್ಯಾಕ್ಟೀರಿಯಾ ಎಂಬ ಮಾತು ಕೇಳಿದೊಡನೆ ನಮಗೆ ರೋಗ ನೆನಪಾಗುತ್ತದೆ. ಆದರೆ ಕಾಲಡಿಯ ಒಂದು ಹಿಡಿ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿದ್ದು, ನಾವು ಎಸೆದ ಎಷ್ಟೋ ವಿಷವನ್ನು ಅವು ಸದ್ದಿಲ್ಲದೆ ಮುಗಿಸುತ್ತಿರುತ್ತವೆ. ಅವುಗಳಿಗೂ ಒಂದು ಅಳತೆ ಇದೆ. ಮುಂದಿನ ಬಾರಿ ಎಣ್ಣೆಯ ಡಬ್ಬಿ ಕೈಯಲ್ಲಿ ಹಿಡಿದು ಅಂಗಳಕ್ಕೆ ಇಳಿಯುವಾಗ ಒಮ್ಮೆ ಬಾವಿಯ ಕಡೆ ನೋಡಿ. ಆ ಡಬ್ಬಿಗೆ ಮುಚ್ಚಳ ಹಾಕಿ ಗ್ಯಾರೇಜಿಗೆ ಕೊಂಡೊಯ್ಯಲು ಅರ್ಧ ಗಂಟೆ ಸಾಕು. ಅದನ್ನು ಸುರಿದರೆ ಮಣ್ಣಿಗೆ ಎಷ್ಟು ವರ್ಷ ಬೇಕಾದೀತು ಎಂದು ಬೆಮಿಜಿಯ ನೆಲ ಇನ್ನೂ ಹೇಳುತ್ತಲೇ ಇದೆ.